ಎಂಜಿನಿಯರನ ಕೈ

“ಇನ್ನೂ ಮುಂದೆ ಬಾರಮ್ಮಾ!” ಗಾಜಿನಾಚೆ ಕುಳಿತಿದ್ದ ರೆಕಾರ್ಡಿಂಗ್ ಎಂಜಿನಿಯರ್ ಸ್ಪೀಕರಿನಲ್ಲಿ ಕೂಗಿದ. “ಬಾಗಿಲ ಹತ್ರ ನಿಂತು ಹಾಡಿದ್ರೆ ಮೈಕಿಗೆ ಹೇಗೆ ಕೇಳುತ್ತೆ?”

ಅವಳು ಕೆಳಗೆ ನೋಡಿಕೊಂಡಳು. ಕಾಲುಗಳು ತಮ್ಮ ಪಾಡಿಗೆ ತಾವು ಬಾಗಿಲ ಬಳಿಯ ಕರಿ ಪಟ್ಟಿಯ ಗುರುತಿನ ಮೇಲೆ ಹೋಗಿ ನಿಂತುಬಿಟ್ಟಿದ್ದವು. ಹತ್ತೊಂಬತ್ತು ವರ್ಷ ಅವಳು ನಿಂತ ಗುರುತು ಅದು. ದೊಡ್ಡ ಗಾಯಕಿ ಮೈಕಿನೆದುರು ನಿಂತು ಹಾಡುವಾಗ ಹಿಂದಿನಿಂದ ‘ಊ’ ಅನ್ನಬೇಕಾದಲ್ಲಿ ‘ಊ’, ‘ಆ’ ಅನ್ನಬೇಕಾದಲ್ಲಿ ‘ಆ’. ಅಲ್ಲಿ ಅಷ್ಟೇ ಅವಳ ಕೆಲಸ. ಮೊದಲು ಆ ಗುರುತು ಮೈಕಿನಿಂದ ನಾಲ್ಕೇ ಅಡಿ ದೂರದಲ್ಲಿತ್ತು. ಇವಳ ಗಂಟಲು ಗಾಯಕಿಯ ದನಿಯನ್ನೇ ನುಂಗಿಹಾಕುತ್ತದೆಂದು ವರ್ಷಕ್ಕಿಷ್ಟು ಹಿಂದೆ ಸರಿಸುತ್ತ ಸರಿಸುತ್ತ ಬಾಗಿಲಿಗೇ ತಂದು ಅಂಟಿಸಿದ್ದರು. ಇನ್ನೊಂದು ಚೂರು ಸರಿಸಿದರೆ ಈಕೆ ರಸ್ತೆಯಲ್ಲಿ ನಿಂತು ಹಾಡಬೇಕಾಗುತ್ತದೆಂದು ವಾದ್ಯದವರು ನಗುತ್ತಿದ್ದರು. ಅವಳಿಗೆ ಅವರಿಟ್ಟ ಹೆಸರು ಗುಡುಗು.

ಇವತ್ತಿನ ಹಾಡು ಮಾತ್ರ ಗುಡುಗಿನದೇ. ಹೊಟ್ಟೆಪಾಡಿಗೆ ದುಡಿಯುವ ಲಾಂಡ್ರಿಯಲ್ಲಿ ಇಸ್ತ್ರಿ ಪೆಟ್ಟಿಗೆ ಉಜ್ಜುತ್ತ ಉಜ್ಜುತ್ತ ತಾನೇ ಕಟ್ಟಿದ ಹಾಡು. ಕೆಳಗೆ ರಾಕ್ ಡ್ರಮ್ಮಿನ ಹೊಡೆತ, ಮೇಲೆ ಕರುಳಿನಿಂದ ಕಿತ್ತು ತೆಗೆದಂಥ ಸೋಲ್ ಸಂಗೀತದ ದನಿ. ರೆಕಾರ್ಡ್ ಕಂಪನಿಯ ಯಜಮಾನರು ಒಂದು ರೀಲು ಟೇಪು ಕೊಟ್ಟು, ನಾಲ್ಕು ಗಂಟೆಯವರೆಗೆ ಸ್ಟುಡಿಯೊ ಬಿಟ್ಟುಕೊಟ್ಟಿದ್ದರು. ನಾಲ್ಕಕ್ಕೆ ದೊಡ್ಡ ಗಾಯಕಿ ಬರುತ್ತಾಳೆ. ಅಷ್ಟರಲ್ಲಿ ಹಾಡು ಸರಿಯಾಗಿ ಬರದಿದ್ದರೆ ಅದು ಆಕೆಯ ಪಾಲು, ಗುಡುಗು ಮತ್ತೆ ಕರಿ ಪಟ್ಟಿಯ ಮೇಲೆ.

“ಅಕ್ಕಾ, ನೆಲ ನೋಡ್ಬೇಡ, ನನ್ನ ಮುಖ ನೋಡು,” ಎಂದ ಡ್ರಮ್ ಹಿಂದಿದ್ದ ತಮ್ಮ. ನಲವತ್ತರ ಗಂಡಸು, ಕೈಯಲ್ಲಿ ಕೋಲು ಬಂದರೆ ಹದಿನಾಲ್ಕರ ಹುಡುಗನಂತಾಡುತ್ತಿದ್ದ. “ನೋಡೋ ಹಾಗೇನೂ ಇಲ್ಲ, ಆದ್ರೂ ನೋಡು.”

ಅವಳು ನಕ್ಕಳು, ಮುಂದೆ ಬಂದಳು, ಹಾಡಿದಳು. ಮೊದಲ ಚರಣ ನೀರಿನಂತೆ ಹರಿಯಿತು. ಎರಡನೆಯದರಲ್ಲಿ ದನಿ ಮೇಲೇರಿದ್ದೇ ತಡ, ಎಂಜಿನಿಯರನೆದುರು ಸದ್ದು ಅಳೆಯುವ ಮೀಟರಿನ ಮುಳ್ಳು ಮಿತಿ ದಾಟಿ ಕೆಂಪಿಗೆ ಹಾರಿತು, ಅವನ ಬಲಗೈ ಮೇಜಿನಿಂದ ಎದ್ದು ಗಾಳಿಯನ್ನು ಕೆಳಗೆ ಒತ್ತಿತು. ಮೆಲ್ಲಗೆ, ಮೆಲ್ಲಗೆ. ಹತ್ತೊಂಬತ್ತು ವರ್ಷದಿಂದ ಅವಳು ಕಂಡ ಸನ್ನೆ. ಕಂಡದ್ದೇ ದನಿ ಕುಸಿಯಿತು, ಕಾಲು ಒಂದು ಹೆಜ್ಜೆ ಹಿಂದೆ ಹೋಯಿತು.

“ತಪ್ಪು ನಂದು, ನಂದು!” ಎಂಜಿನಿಯರ್ ಹಣೆ ಚಚ್ಚಿಕೊಂಡ. “ಕೆಂಪಿಗೆ ಹೋದ್ರೂ ಪರವಾಗಿಲ್ಲ ಅಂತ ಬೆಳಿಗ್ಗೆ ನಾನೇ ಹೇಳಿದ್ದೆ. ಈ ಹಾಳು ಕೈ ತಾನಾಗೇ ಎದ್ದುಬಿಡ್ತು.”

ಎರಡನೇ ಸಲ ಎಡಗೈಯಲ್ಲಿ ಬಲಗೈ ಹಿಡಿದುಕೊಂಡ. ಎರಡೂ ಸೇರಿ ಎದ್ದವು. ಮೂರನೇ ಸಲ ಕೈಗೆ ಕಾಫಿ ಲೋಟ ಕೊಟ್ಟು ನೋಡಿದರು. ಕೈ ಎದ್ದಿತು, ಕಾಫಿ ಅವನ ಅಂಗಿಯ ಮೇಲೆ ಬಿತ್ತು. ಗಡಿಯಾರದಲ್ಲಿ ನಾಲ್ಕಕ್ಕೆ ಎಂಟು ನಿಮಿಷವಿತ್ತು, ರೀಲಿನಲ್ಲಿ ಉಳಿದ ಟೇಪು ಐದು ನಿಮಿಷದ್ದು. ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು.

“ಕಣ್ಣು ಮುಚ್ಕೊಂಡು ಹಾಡಕ್ಕಾ,” ಎಂದ ತಮ್ಮ.

“ಮುಚ್ಚಿದ್ರೂ ಆ ಕೈ ಕಾಣ್ಸುತ್ತೆ ಕಣೋ!”

ಅವಳಿಗೆ ಕೋಪ ನೆತ್ತಿಗೇರಿತು. ಅವನ ಮೇಲಲ್ಲ, ಅಷ್ಟು ವರ್ಷ ತೆಪ್ಪಗೆ ಹಿಂದೆ ಸರಿದ ತನ್ನ ಕಾಲುಗಳ ಮೇಲೆ. ಚಪ್ಪಲಿ ಕಳಚಿ ಮೂಲೆಗೆ ಒದ್ದು ಮೈಕಿಗೆ ಮೂತಿ ತಗಲುವಷ್ಟು ಹತ್ತಿರ ಬಂದಳು.

“ಅಣ್ಣಾ, ಎರಡೂ ಕೈ ಕೆಳಗೆ ಹಾಕಿ, ಅದರ ಮೇಲೆ ಕೂತ್ಕೊಳ್ಳಿ.”

“ಏನಂದೆ?”

“ಕೈ ಮೇಲೆ ಕೂತ್ಕೊಳ್ಳಿ ಅಂದೆ. ನಾನು ಹೇಳೋವರೆಗೂ ಏಳಬಾರದು.”

“ಆಮೇಲೆ ನಿಲ್ಲಿಸೋ ಗುಂಡಿ ಯಾರಮ್ಮಾ ಒತ್ತೋದು?”

“ಶುರು ಮಾಡೋ ಗುಂಡಿ ಒತ್ತಿ ಸಾಕು!”

ಅವನು ಒತ್ತಿದ. ಎರಡೂ ಅಂಗೈಗಳನ್ನು ತೊಡೆಯಡಿಗೆ ತುರುಕಿ ಭಾರ ಬಿಟ್ಟು ಕುಳಿತ. ತಮ್ಮನ ಕೋಲುಗಳು ನಾಲ್ಕು ಸಲ ಟಕ್ಕೆಂದವು.

ಎರಡನೇ ಚರಣ ಬಂತು. ಮುಳ್ಳು ಕೆಂಪಿಗೆ ಹೋಗಿ ಅಲ್ಲೇ ಕಚ್ಚಿಕೊಂಡಿತು. ಎಂಜಿನಿಯರನ ಭುಜಗಳು ಕುಣಿದವು, ಮೊಣಕೈಗಳು ರೆಕ್ಕೆಯಂತೆ ಒದ್ದಾಡಿದವು. ಕೈಗಳು ಮಾತ್ರ ಮೇಲೆ ಬರಲಿಲ್ಲ. ಅವಳ ದನಿ ಏರಿತು, ಇನ್ನೂ ಏರಿತು. ಅಷ್ಟು ದೊಡ್ಡ ದನಿ ತನ್ನೊಳಗೆ ಇದ್ದದ್ದು ಅವಳಿಗೇ ಗೊತ್ತಿರಲಿಲ್ಲ. ಅಯ್ಯೋ, ಎಂಥ ಸುಖ! ತಮ್ಮ ಕೇಕೆ ಹಾಕಿ ಬಾರಿಸಿದ. ಹಾಡು ಮುಗಿಯಬೇಕಾದ ಜಾಗ ಬಂತು, ಅವಳು ನಿಲ್ಲಿಸಲಿಲ್ಲ. ಕಟ್ಟದೇ ಇದ್ದ ಸಾಲುಗಳೆಲ್ಲ ಬಾಯಿಗೆ ಬಂದವು.

ಗಾಜಿನಾಚೆ ಬಾಗಿಲು ತೆರೆಯಿತು. ಯಜಮಾನರು, ಅವರ ಹಿಂದೆ ದೊಡ್ಡ ಗಾಯಕಿ. ಗಾಯಕಿ ಕರಿ ಕನ್ನಡಕ ತೆಗೆದು ನಿಂತಲ್ಲೇ ನಿಂತಳು. ಯಜಮಾನರು ಗಡಿಯಾರ ತೋರಿಸಿ, ಯಂತ್ರ ತೋರಿಸಿ ಏನೋ ಕೂಗುತ್ತಿದ್ದರು. ಗಾಜಿನ ಈಚೆಗೆ ಒಂದಕ್ಷರವೂ ಕೇಳಲಿಲ್ಲ.

ಹಾಡನ್ನು ಪೂರ್ತಿ ತುಂಬಿಕೊಂಡ ಟೇಪು ಮುಗಿದು, ಅದರ ತುದಿ ತಿರುಗುವ ರೀಲಿನ ಮೇಲೆ ಪಟಪಟನೆ ಬಡಿಯುತ್ತಿತ್ತು. ಎಂಜಿನಿಯರ್ ಅಳುತ್ತಿದ್ದ. ಕಣ್ಣೊರೆಸಿಕೊಳ್ಳಲಿಕ್ಕೂ ಅವನು ಕೈ ತೆಗೆಯಲಿಲ್ಲ.