ಮೊದಲು ಕಾಲು, ಆಮೇಲೆ ತಲೆ

ಹಟ್ಟಿಯ ಗೌಡರು ಶಾಲೆಯ ಬಾಗಿಲಲ್ಲಿ ಬಂದು ನಿಂತಾಗ ಭೋಜನ್ ಮೇಷ್ಟ್ರು ಮಕ್ಕಳಿಗೆ ಚಿತ್ರದ ಕಥೆಪುಸ್ತಕ ತೋರಿಸುತ್ತಿದ್ದರು. ಲವ್‌ಡೇಲಿನ ಬಿಳಿ ದೊರೆಗಳ ಮಕ್ಕಳು ಓದಿ ಬಿಟ್ಟ ಪುಸ್ತಕ. ಮೇಷ್ಟ್ರು ಅದನ್ನು ಹಟ್ಟಿಯ ನುಡಿಯಲ್ಲೇ ಹೇಳುತ್ತಿದ್ದರು.

"ವಾತ್ಯಾರೆ, ಕಾಡಿಂದ ಕುರುಂಬ ಇನ್ನೂ ಬಂದಿಲ್ಲೆ. ಅವ ಮೊದಲ ಹಿಡಿ ಬಿತ್ತದೆ ಇಲ್ಲಿ ಯಾರೂ ಮಣ್ಣಿಗೆ ಬೀಜ ಹಾಕಿಲ್ಲೆ, ನನ್ನ ಅಪ್ಪನೂ ಹಾಕಿಲ್ಲೆ. ನಿಂಗ ಮಕ್ಕಳ ಕೈಲಿ ಬಿತ್ತಿಸಿದಿರಂತೆ!"

ಮೇಷ್ಟ್ರು ಪುಸ್ತಕವನ್ನು ಕೆಳಗಿಟ್ಟರು. ಅವರೂ ಹಟ್ಟಿಯವರಂತೆ ಬಡಗರೇ, ಕಾಡಿನ ಕುರುಂಬ ಬಂದೇ ಬಿತ್ತನೆ ತೊಡಗಿಸುವ ಈ ಕಟ್ಟಳೆ ಅರಿಯದವರಲ್ಲ. ಕಥೆಯ ಗುಂಗಿನಲ್ಲಿ ಅದು ನೆನಪಿಗೇ ಬಂದಿರಲಿಲ್ಲ. ಗೌಡರ ಮೊಮ್ಮಗಳು ನಂಜಿ ಶಾಲೆ ಬಿಟ್ಟರೆ ಹಟ್ಟಿಯ ಮಕ್ಕಳೆಲ್ಲ ಬಿಟ್ಟ ಹಾಗೆಯೇ. ಆಮೇಲೆ ಈ ಕಟ್ಟಡ ಎಮ್ಮೆ ಕಟ್ಟಲಿಕ್ಕೆ ಚೆನ್ನ.

"ಏಳು ಕೂಸೆ" ಎಂದರು ಗೌಡರು.

ನಂಜಿ ಎದ್ದಳು. ಆದರೆ ಹೋದದ್ದು ಕಿಟಕಿಯ ಹತ್ತಿರ. ಅಲ್ಲಿದ್ದ ಗಾಜಿನ ಲೋಟವನ್ನು ತಂದು ತಾತನ ಮೂಗಿನ ಕೆಳಗೇ ಹಿಡಿದಳು.

"ಮಣ್ಣೇ ಇಲ್ಲೆ, ಹೆತ್ತಪ್ಪ. ಬರೀ ಒದ್ದೆ ಬಟ್ಟೆ. ಕಥೇಲಿ ಬೀಜಕ್ಕೆ ನೀರು ಸಿಕ್ಕಿ ಎಚ್ಚರ ಆಗುತ್ತೆ. ಮೊದಲು ಕಾಲ ಕೆಳಗೆ ಚಾಚುತ್ತೆ, ಆಮೇಲೆ ತಲೆಯ ಎತ್ತುತ್ತೆ. ನಿಜವಾ ಅಂತ ನೋಡಕ್ಕೆ ಇಟ್ಟೆವು. ನಾ ಬೇಕಂತಲೇ ತಲೆಕೆಳಗು ಇಟ್ಟೆ. ಆದರೂ ಕಾಲು ಕೆಳಗೇ ತಿರುಗಿತು, ನೋಡು!"

ಗೌಡರು ಲೋಟವನ್ನು ಬೆಳಕಿಗೆ ಹಿಡಿದರು. ಗಾಜಿಗೂ ಬಟ್ಟೆಗೂ ನಡುವೆ ಒಂದು ಅವರೆಕಾಳು. ಮೇಲಿನಿಂದ ಹೊರಟ ಬಿಳಿ ಬೇರು ಕಾಳನ್ನು ಬಳಸಿಕೊಂಡು ಕೆಳಗಿಳಿದಿತ್ತು. ಬಿತ್ತಿ ಬಿತ್ತಿಯೇ ಮುದುಕರಾದವರು, ಮಣ್ಣಿನೊಳಗಿನ ಈ ಸಂಗತಿಯನ್ನು ಕಣ್ಣಾರೆ ಕಂಡಿದ್ದು ಇದೇ ಮೊದಲು. ಬಗ್ಗಿ ಪುಸ್ತಕದ ಚಿತ್ರವನ್ನೂ ನೋಡಿದರು. ಲೋಟವನ್ನು ಮೇಜಿನ ಮೇಲಿಟ್ಟರು. ನಂಜಿಯ ಕೈ ಹಿಡಿದು ಹೊರಟೇಬಿಟ್ಟರು.

ಮರುದಿನ ಗಂಟೆ ಹೊಡೆದರೂ ಒಂದು ಮಗುವೂ ಬರಲಿಲ್ಲ. ಪಾಠ ಬಿಟ್ಟು ಕಥೆ ಹೇಳುವ ಚಪಲ ನನಗೇಕೆ ಬೇಕಿತ್ತು ಎಂದು ಮೇಷ್ಟ್ರು ತಮ್ಮನ್ನೇ ಬೈದುಕೊಳ್ಳುತ್ತ ಪುಸ್ತಕವನ್ನು ಪೆಟ್ಟಿಗೆಗೆ ಹಾಕಿದರು. ತಲೆ ಎತ್ತಿದರೆ ಇಳಿಜಾರಿನಲ್ಲಿ ಗೌಡರ ಬಿಳಿ ಮುಂಡಾಸು. ಅವರ ಹಿಂದೆ ನಂಜಿ, ನಂಜಿಯ ಹಿಂದೆ ಹಟ್ಟಿಯ ಅಷ್ಟೂ ಮಕ್ಕಳು. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು.

ಗೌಡರು ಹೊದಿಕೆಯ ಗಂಟು ಬಿಚ್ಚಿ ಒಂದು ಹಿಡಿ ಸಾಮೆಯನ್ನು ಮೇಜಿನ ಮೇಲೆ ಸುರಿದು, ಮಕ್ಕಳಿಗೆ ಕೇಳದಂತೆ ಮೇಷ್ಟ್ರ ಕಿವಿಯಲ್ಲಿ ಹೇಳಿದರು.

"ಮಳೇಲಿ ಅಟ್ಟ ಸೋರಿ ಬಿತ್ತನೆಯ ಬೀಜ ನೆನೆದುಹೋತು. ಜೀವ ಇದ್ದೋ ಇಲ್ಲೆಯೋ ತಿಳಿಯದು. ಹಟ್ಟಿಲಿ ಯಾರಿಗೂ ಹೇಳಿಲ್ಲೆ. ಕುರುಂಬ ಬರೋ ಮೊದಲು ನಿಂಗ ನೋಡಿ ಹೇಳಬೇಕು."

ಮೇಷ್ಟ್ರು ಬಟ್ಟೆ ನೆನೆಸಲು ಓಡಿದರು. ಬಾಗಿಲವರೆಗೆ ಹೋದ ಗೌಡರು ತಿರುಗಿ ನಿಂತು ಮೊಮ್ಮಗಳನ್ನು ಕರೆದರು.

"ಕೂಸೆ, ಈ ಬೀಜಕ್ಕೂ ಆ ಕಥೆಯ ಒಮ್ಮೆ ಹೇಳು."