ಓಡಿಹೋದವರ ಕೆರೆ

ಒಲಿದವರು ಕಾಡಿಗೆ ಓಡಿಹೋಗಿ, ಮರಳಿ ಬಂದು ದಂಡ ತೆತ್ತರೆ ಮದುವೆಯಾದಂತೆ. ಸೋಲಿಗರ ಆ ಪೋಡಿನ, ಆ ಕಾಡಿನ ಹಳ್ಳಿಯ, ಪದ್ಧತಿಯೇ ಹಾಗೆ. ಬೇಸಿಗೆಗೆ ನೀರು ಬತ್ತಿಹೋಗುವ ಪೋಡಿಗೆ ತಾವೇ ಕೆರೆ ಕಟ್ಟಲು ಹೊರಟಾಗ ಆಳು ಸಾಲಲಿಲ್ಲ. ಯಜಮಾನ ಜಡೇಗೌಡ ಸಾರಿದ:

"ಇನ್ಮೇಲೆ ಓಡೋದವ್ರು ದಂಡಕ್ಕೆ ದುಡ್ಡು ಕೊಡದು ಬ್ಯಾಡ, ಕೆರೆ ಮಣ್ಣು ಹೊರ್ಲಿ!"

ಹರೆಯದವರೆಲ್ಲ ಜೋಡಿ ಜೋಡಿಯಾಗಿ ಓಡಿದರು, ಬಂದರು, ಕಿಸಿಕಿಸಿ ನಗುತ್ತ ಮಣ್ಣು ಹೊತ್ತರು. ಅಷ್ಟರಲ್ಲಿ ಮೋಡ ಕಟ್ಟಿತು. ಏರಿಯ ಒಂದು ಮೂಲೆ ಇನ್ನೂ ಬಾಯಿ ತೆರೆದಿತ್ತು. ಮಳೆ ಬಂದರೆ ನೀರೆಲ್ಲ ಅಲ್ಲೇ ಹರಿದುಹೋಗುತ್ತಿತ್ತು.

"ಓಡಕ್ಕೆ ಒಂದು ಜೋಡೀನೂ ಉಳಿದಿಲ್ವಲ್ಲಪ್ಪೋ!" ಯಜಮಾನ ತಲೆಯ ಮೇಲೆ ಕೈಹೊತ್ತು ಕುಳಿತ.

ಮೊಮ್ಮಕ್ಕಳಿರುವ ಅವನ ಹೆಂಡತಿ ಕೇತಮ್ಮ ಮಣ್ಣು ಹೊರುವ ಮಂಕರಿಯನ್ನು ಸೊಂಟಕ್ಕಿಟ್ಟು ಅವನ ಕೈ ಹಿಡಿದೆಳೆದಳು.

"ಏಳು ಮತ್ತೆ, ಇನ್ನೊಂದ್ ಸಾರಿ ಓಡೋಗವ!"