ಹನ್ನೊಂದು ಮಕ್ಕಳು, ಒಂದು ಸಹಿ

ಸೋಮವಾರ ಥೀಸಿಸ್ ಸಲ್ಲಿಸಬೇಕು. ಡಾ. ನೀಲಾಂಬಿಕಾಗೆ ಬಾಕಿ ಉಳಿದದ್ದು ಒಂದೇ ಒಂದು ಸಹಿ...

ಚೇಳು ಕಡಿದ ಮಕ್ಕಳಿಗೆ ಕೊಡುವ ಒಂದು ಔಷಧಿಯ ಬಗ್ಗೆ ಅವಳ ಅಧ್ಯಯನ. ನಿವೃತ್ತ ವೈದ್ಯ ಡಾ. ರಾಚಪ್ಪ ಕೌಜಲಗಿಯವರು ಫೋನಿನಲ್ಲಿ ಹೇಳಿದ್ದನ್ನು ಅದರಲ್ಲಿ ಸೇರಿಸಿದ್ದಳು: "ಔಷಧಿ ಪಡೆದ ಹನ್ನೊಂದು ಮಕ್ಕಳೂ ಬದುಕಿ ಉಳಿದರು."

ಗೈಡ್ ಮೇಡಂ ಒಪ್ಪಲಿಲ್ಲ.

"ಎಲ್ಲೂ ಅಚ್ಚಾಗದ ಮಾತದು. ನೀ ಬರ್ದ ಸಾಲನ್ನ ಅವ್ರು ಓದಿ, ಹೌದು ಅಂತ ಸಹಿ ಮಾಡ್ಬೇಕು. ಇಲ್ಲಂದ್ರ ತಗದ್ಬಿಡು."

ಒಂದು ಸಾಲಿಗೆ ಮೂರು ತಾಸು ಬಸ್ಸು... ಗೊಣಗುತ್ತಲೇ ಇಳಕಲ್ಲಿನ ಕೌಜಲಗಿಯವರ ಮನೆ ತಲುಪಿದಳು.

ಬಾಗಿಲು ತೆಗೆದ ಡಾಕ್ಟರು ಅವಳ ಬೆವರು ನೋಡಿ ಮೊದಲು ಫ್ಯಾನನ್ನು ಅವಳ ಕಡೆ ತಿರುಗಿಸಿದರು. ಆಮೇಲೆ ಕಾಗದ ಓದಿದರು. ಎರಡು ಸಲ ಓದಿದರು.

"ಉಳಿದವ್ರು ಎಷ್ಟು ಅಂತ ಕೇಳಿದ್ಯವ್ವಾ, ಹನ್ನೊಂದು ಅಂದೆ. ಎಷ್ಟು ಮಂದಿಗೆ ಕೊಟ್ರಿ ಅಂತ ಕೇಳಲೇ ಇಲ್ಲ. ಥ್ಯಾಂಕ್ಸ್ ಸರ್ ಅಂದು ಫೋನ್ ಇಟ್ಟುಬಿಟ್ಟಿ."

"ಎಷ್ಟು ಮಂದಿಗ್ರಿ, ಸರ್?"

"ಹದಿನಾಲ್ಕು."

ಅವಳು ಕಾಗದದಲ್ಲಿದ್ದ 'ಹನ್ನೊಂದು' ಎಂಬುದನ್ನು ಮತ್ತೊಮ್ಮೆ ನೋಡಿದಳು...

"ಮೂರು ಹೋದ್ವು. ಕಡೀಕ ಹೋದಾಕಿಗೆ ಆರು ವರ್ಷ. ತಾಯಿ ಆ ಕೂಸನ್ನ ಎತ್ಕೊಂಡು ಹೊಂಟಾಕಿ ನನ್ನ ಕಡೆ ನೋಡಿ, 'ಮುಂಜಾನಿಂದ ನಿಂತೀರಿ, ಕೂಡ್ರಿ ಸಾಹೇಬ್ರ' ಅಂದ್ಲು. ವಿಷದಿಂದ ಹೋದ್ವೋ, ನಾ ಕೊಟ್ಟ ಔಷಧಿಯಿಂದ ಹೋದ್ವೋ, ಇವತ್ತಿಗೂ ಗೊತ್ತಿಲ್ಲ. ಅಂಜಿ ಎಲ್ಲೂ ಬರೀಲಿಲ್ಲ. ತಪ್ಪು ನಂದೂ ಐತಿ."

ಕಾಗದ ಕೆಳಗಿಟ್ಟು ಕೇಳಿದರು. "ಇದನ್ನ ಮತ್ತ ಯಾರಿಗರ ಹೇಳೀಯೇನು?"

ಹೇಳಿದ್ದಳು... ಹಿಂದಿನ ವಾರ ಖುಷಿ ತಡೆಯದೆ ಅದೇ ಸಾಲನ್ನು ಡಾಕ್ಟರುಗಳ ವಾಟ್ಸಾಪ್ ಗ್ರೂಪಿಗೆ ಹಾಕಿದ್ದಳು.

ಅಲ್ಲೇ ಕೂತು ಅದೇ ಗ್ರೂಪಿಗೆ ಬರೆದಳು: "ನಾನು ಹಾಕಿದ್ದು ತಪ್ಪು. ಹದಿನಾಲ್ಕರಲ್ಲಿ ಮೂವರು ತೀರಿಕೊಂಡಿದ್ದಾರೆ. ಅದನ್ನು ನಂಬಿ ಯಾರೂ ಆ ಔಷಧಿ ಕೊಡಬೇಡಿ."

ಹತ್ತು ನಿಮಿಷಕ್ಕೆ ಒಂದು ಕರೆ ಬಂತು. ಸಣ್ಣ ಊರಿನ ಒಬ್ಬ ವೈದ್ಯ.

"ಮೇಡಂ... ನಿಮ್ಮ ಮೆಸೇಜ್ ನೋಡಿ ಮೊನ್ನೆ ಒಬ್ಬ ಹುಡುಗಗ ಕೊಟ್ಟಿದ್ವಿ."

"ಹೆಂಗದಾನ?"



"ನಿನ್ನೆ ಹೋದ, ಮೇಡಂ."

ವಿಷಯ ಕೇಳಿದ ಡಾ. ಕೌಜಲಗಿಯವರು ಅವಳನ್ನು ಬೈಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ಹೊಸ ಹಾಳೆ ತೆಗೆದು, ಹದಿನಾಲ್ಕು ಮಕ್ಕಳ ಕಥೆ ಬರೆದು, ಕೆಳಗೆ ಸಹಿ ಹಾಕಿದರು. ಆಮೇಲೆ ಚಪ್ಪಲಿ ಮೆಟ್ಟಿದರು.

"ನಡಿಯವ್ವಾ. ಆ ಹುಡುಗನ ಮನಿಗೆ ಇಬ್ಬರೂ ಹೋಗೂಣು. ಒಬ್ಬಾಕಿನ ಹೋಗಬ್ಯಾಡ."

ಆ ಸೋಮವಾರ ಥೀಸಿಸ್ ಸಲ್ಲಿಕೆಯಾಗಲಿಲ್ಲ.

ಆರು ತಿಂಗಳ ನಂತರ ಸಲ್ಲಿಸಿದಾಗ, ಆಕರಗಳ ಪಟ್ಟಿಯಲ್ಲಿ ಡಾ. ಕೌಜಲಗಿಯವರ ಅಪ್ರಕಟಿತ ಪತ್ರವಿತ್ತು. ಅದರ ಕೆಳಗೆ ಅವಳದೇ ವಾಟ್ಸಾಪ್ ಸಂದೇಶ, ಕಳಿಸಿದ ದಿನಾಂಕದ ಸಮೇತ...

ಪಕ್ಕದಲ್ಲಿ ಹೀಗೆ ಬರೆದಿದ್ದಳು: "ಈ ಮಾಹಿತಿ ತಪ್ಪು. ಇದನ್ನು ನಂಬಿ ಔಷಧಿ ಕೊಡಲಾದ ಒಂದು ಮಗು ಬದುಕಲಿಲ್ಲ."

*ಒಬ್ಬರಿಂದ ಕೇಳಿದ್ದನ್ನು ಹತ್ತು ಜನಕ್ಕೆ ಹೇಳುವ ಮುನ್ನ, ಹೇಳಿದವರಿಗೇ ಒಮ್ಮೆ ಓದಿ ತೋರಿಸಿ.*

ಇವತ್ತು ನೀವು ಫಾರ್ವರ್ಡ್ ಮಾಡಿದ ಆರೋಗ್ಯದ ಮೆಸೇಜು ಯಾರ ಮಾತು... ಅವರು ನಿಜವಾಗಿ ಏನು ಹೇಳಿದ್ದರೆಂದು ನಿಮಗೆ ಗೊತ್ತೇ?